ನಿನ್ನ ಭುಜದ ಆಡಿಯೋಗ್ರಾಮ್

ನಿನ್ನೆ ನಮ್ಮ ಆಡಿಯಾಲಜಿ (ಕಿವಿ ಎಷ್ಟು ಕೇಳಿಸುತ್ತೆ ಅಂತ ಪರೀಕ್ಷಿಸುವ ವಿದ್ಯೆ) ಕೋರ್ಸಿನ ಫಲಿತಾಂಶ ಬಂತು. ಪಾಸಾಗಿದ್ದೇನೆ, ಇಂಟರ್ನ್‌ಶಿಪ್ಪೂ ಮುಗಿದಿದೆ. ಇನ್ನು ವರದಿಯ ಕೆಳಗೆ ನನ್ನೊಬ್ಬಳದೇ ಸಹಿ. ಖುಷಿಗಿಂತ ಭಯವೇ ಒಂಚೂರು ಜಾಸ್ತಿ.

ಮೊದಲ ಥ್ಯಾಂಕ್ಸ್ ನಮ್ಮ ಮೇಡಂಗೆ. ಮೊದಲ ಸಲ ಕೇಳುವಿಕೆ ಅಳೆಯುವ ಆಡಿಯೋಮೀಟರ್ ಮುಂದೆ ಕೂತಾಗ ಪುಸ್ತಕದಲ್ಲಿದ್ದ ಹಾಗೇ ಮಾಡಿದ್ದೆ. 1000 ಹರ್ಟ್ಜ್‌ನಿಂದ ಶುರು. ಕೇಳಿಸಿದರೆ 10 ಡೆಸಿಬಲ್ ಇಳಿಸು, ಕೇಳಿಸದಿದ್ದರೆ 5 ಏರಿಸು. ಕೇಳುವಿಕೆಯ ಗ್ರಾಫ್, ಅಂದರೆ ಆಡಿಯೋಗ್ರಾಮ್, ಚೆಂದ ಬಂತು. ಮೇಡಂ ನೋಡಿ, "ಇದು ಅವರ ಕಿವಿಯದ್ದಲ್ಲಮ್ಮ, ನಿನ್ನ ಭುಜದ ಆಡಿಯೋಗ್ರಾಮ್" ಅಂದರು. ಬಟನ್ ಒತ್ತಿದಾಗಲೆಲ್ಲ ನನ್ನ ಭುಜ ಅಲ್ಲಾಡುತ್ತಿತ್ತಂತೆ. ಗಾಜಿನ ಆಚೆ ಕೂತಿದ್ದ ಅಜ್ಜ ಅದನ್ನ ನೋಡಿಕೊಂಡೇ ಕೈ ಎತ್ತುತ್ತಿದ್ದರು! ಅವರ ಕುರ್ಚಿ ಪಕ್ಕಕ್ಕೆ ತಿರುಗಿಸಿ ಮತ್ತೆ ಮಾಡಿದರೆ 25 ಡೆಸಿಬಲ್ ವ್ಯತ್ಯಾಸ. ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಟೋನ್ ಕೊಡುವ ಚಾಳಿಯೂ ನನಗಿತ್ತು. ಅದನ್ನ ಬಿಡಿಸೋಕೆ ಮೇಡಂಗೆ ಒಂದು ತಿಂಗಳೇ ಹಿಡಿಯಿತು.

ಆಮೇಲೆ ಮಾಸ್ಕಿಂಗ್. ಈ ವಿದ್ಯೆ ಕಲಿತವರಿಗೆ ಹೆಸರು ಕೇಳಿದರೇ ಸಾಕು, ಅಲ್ವಾ? ಈ ಕಿವಿಗೆ ಕೊಟ್ಟ ಜೋರು ಟೋನ್ ತಲೆಬುರುಡೆ ದಾಟಿ ಆ ಕಿವಿಗೆ ಹೋಗುತ್ತದೆ. ಹಾಗಾಗಿ ಆ ಕಿವಿಗೆ 'ಸುಯ್' ಅನ್ನೋ ಶಬ್ದ ಕೊಟ್ಟಿರಬೇಕು. ಕಡಿಮೆ ಕೊಟ್ಟರೆ ಉಪಯೋಗವಿಲ್ಲ, ಜಾಸ್ತಿ ಕೊಟ್ಟರೆ ಅದೇ ಈಚೆ ದಾಟಿ ಬಂದು ಟೋನನ್ನ ಮುಚ್ಚಿಬಿಡುತ್ತದೆ. ತಲೆಗೇ ಹೋಗದೆ, ಕೋರ್ಸ್ ಬಿಡ್ತೀನಿ ಅಂತ ಅತ್ತಿದ್ದೆ. ಆಗ ಸೀನಿಯರ್ ಅಕ್ಕ ಒಬ್ಬರು ಹೇಳಿದರು: "ನೀನು ಕರೆದಿದ್ದು ಈ ಮನೆಯವರನ್ನ, ಓ ಅಂದಿದ್ದು ಪಕ್ಕದ ಮನೆಯವರು. ಪಕ್ಕದ ಮನೆಯವರನ್ನ ಮಾತಿಗೆ ಕೂರಿಸಿ ಆಮೇಲೆ ಕರಿ." ಎರಡು ವರ್ಷದ ಪಾಠ ಎರಡು ವಾಕ್ಯದಲ್ಲಿ ಇಳಿಯಿತು. ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ.

ರೂಮ್‌ಮೇಟ್‌ಗೆ ಏನು ಹೇಳಲಿ? ಇಯರ್ ಮೋಲ್ಡ್‌ಗೆ (ಶ್ರವಣಯಂತ್ರದ, ಕಿವಿಯೊಳಗೆ ಕೂರುವ ಭಾಗ) ಅಚ್ಚು ತೆಗೆಯೋದು ಕಲಿಯಲು ಹತ್ತಾರು ಸಲ ಕಿವಿ ಕೊಟ್ಟಳು. ದಾರ ಕಟ್ಟಿದ ಪುಟ್ಟ ಸ್ಪಂಜನ್ನ ಒಳಗಿಟ್ಟು, ಆಮೇಲೆ ಸಿಲಿಕೋನ್ ತುಂಬಿಸಬೇಕು. ಇಲ್ಲದಿದ್ದರೆ ಸಿಲಿಕೋನ್ ಕಿವಿಯ ತಮಟೆಯವರೆಗೂ ಹೋದೀತು. "ದಾರ ಹೊರಗಿದೆ ತಾನೇ?" ಅಂತ ಪ್ರತಿಸಲ ಕೇಳುತ್ತಿದ್ದಳು, ಪಾಪ.

ಕೊನೆಗೆ ಒಬ್ಬ ತಾಯಿ. ಎಬಿಆರ್ ಅಂದರೆ ಶಬ್ದಕ್ಕೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಅಂತ ಎಲೆಕ್ಟ್ರೋಡ್ ಅಂಟಿಸಿ ನೋಡುವ ಪರೀಕ್ಷೆ. ಅದಕ್ಕೆ ಮಗು ನಿದ್ದೆಯಲ್ಲೇ ಇರಬೇಕು. ಎಲೆಕ್ಟ್ರೋಡ್ ಅಂಟಿಸಲು ನಾನು ಕೂಸಿನ ಹಣೆ ಉಜ್ಜಿದೆ, ಅದು ಎದ್ದು ಕಿರುಚಿತು. ಹೀಗೇ ಮೂರು ಸಲ. ಪಕ್ಕದಲ್ಲಿ ಮೇಡಂ ಸುಮ್ಮನೆ ನಿಂತಿದ್ದರು. ಆ ತಾಯಿ ಮಗುವನ್ನ ಮತ್ತೆ ಹೆಗಲಿಗೆ ಹಾಕಿಕೊಂಡು, "ಇನ್ನೊಂದ್ಸಲ ಮಲಗಿಸ್ತೀನಿ, ನೀನು ನಿಧಾನಕ್ಕೆ ಮಾಡಮ್ಮ" ಅಂದರು. ಅದು ನನ್ನ ಮೊದಲ ಎಬಿಆರ್ ಅಂತ ನಾನು ಹೇಳಿರಲಿಲ್ಲ. ಅವರಿಗೆ ಗೊತ್ತಾಗಿತ್ತು ಅನ್ನಿಸುತ್ತೆ.