ಸೊಂಟದ ಬಲವನ್ನೂ ಅಳೆಯಿರಿ
ಮಾನ್ಯರೇ,
ಇಂಗ್ಲೆಂಡ್‌ನ ಲಿಯಾ ವಿಲಿಯಮ್ಸನ್, ಬೆತ್ ಮೀಡ್, ನೆದರ್ಲೆಂಡ್ಸ್‌ನ ವಿವಿಯಾನ್ ಮಿಯೆಡೆಮಾ ಮೂವರೂ ಮೊಣಕಾಲಿನ ಅಸ್ಥಿರಜ್ಜು (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಹರಿದು 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಿಂದ ಹೊರಗುಳಿದರು. ಇಂಥ ಗಾಯವಾದಾಗ ಎಲ್ಲರ ಕಣ್ಣೂ ಮೊಣಕಾಲಿನ ಮೇಲೆಯೇ. ಆದರೆ ಆಟಗಾರ್ತಿ ನೆಗೆದು ಒಂಟಿ ಕಾಲಿನ ಮೇಲೆ ಇಳಿಯುವುದನ್ನು ಗಮನಿಸಿ: ಸೊಂಟದ ಪಕ್ಕದ ಸ್ನಾಯು ಸೋತಿದ್ದರೆ ತೊಡೆ ಒಳಕ್ಕೆ ತಿರುಗಿ, ಮೊಣಕಾಲೂ ಒಳಕ್ಕೆ ವಾಲಬಹುದು. ದಣಿವೂ ಸೇರಿದರೆ ಕೇಳುವುದೇ ಬೇಡ.

ಆ ದಣಿವನ್ನು ಅಂದಾಜಿಸಲು ಅನೇಕ ತರಬೇತುದಾರರು ಓಟದ ಸುತ್ತುಗಳನ್ನಷ್ಟೇ ಎಣಿಸುತ್ತಾರೆ. ಅಭ್ಯಾಸ ಎಷ್ಟು ಕಷ್ಟವೆನಿಸಿತೆಂದು ಆಟಗಾರ್ತಿಯಿಂದಲೇ 10ಕ್ಕೆ ಅಂಕ ಕೇಳಿ, ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ದೇಹದ ಮೇಲೆ ಬಿದ್ದ ದಿನದ ಹೊರೆ ತಿಳಿಯುತ್ತದೆ. 90 ನಿಮಿಷ, 7 ಅಂಕ ಎಂದರೆ 630. ಇದಕ್ಕೆ ಪುಸ್ತಕ, ಪೆನ್ನು ಸಾಕು. ದುಬಾರಿ ಯಂತ್ರವೇನೂ ಬೇಡ. ವಾರದ ಮೊತ್ತ ಏಕಾಏಕಿ ಜಿಗಿದರೆ ಅಭ್ಯಾಸ ತಗ್ಗಿಸಲಿ. ಆಗಾಗ ಸೊಂಟದ ಬಲವನ್ನೂ ಪರೀಕ್ಷಿಸಲಿ.

– ಮಾಜಿ ಆಟಗಾರ್ತಿ