60 ಡಿಬಿ ಗೇನ್ ಎಂದು ಮಾರಿದ ಪ್ರೀಆಂಪ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮೈಕ್ ಪ್ರೀಆಂಪ್‌ನ ಗೇನ್ ಬಗ್ಗೆ ತಪ್ಪು ಮಾಹಿತಿ, ಪೂರ್ತಿ ಹಣ ಹಿಂದಿರುಗಿಸಲು ಕೋರಿಕೆ

ಮಾನ್ಯರೇ,

ಮೈಕಿನ ಸಣ್ಣ ಸಿಗ್ನಲ್ಲನ್ನು ಏರಿಸಿ ಕಂಪ್ಯೂಟರಿಗೆ ಕೊಡುವ ನಿಮ್ಮ ಎರಡು ಚಾನೆಲ್‌ನ ಯುಎಸ್‌ಬಿ ಪ್ರೀಆಂಪನ್ನು ನಾನು ಕೊಂಡಿದ್ದು ಒಂದೇ ಒಂದು ಸಂಖ್ಯೆಯನ್ನು ನಂಬಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 'ಮೈಕ್ ಗೇನ್ 60 ಡಿಬಿ' ಎಂದು, ಅಂದರೆ ಮೈಕಿನ ಸಿಗ್ನಲ್ಲನ್ನು 60 ಡೆಸಿಬೆಲ್‌ನಷ್ಟು ಏರಿಸುತ್ತದೆ ಎಂದು ಅಚ್ಚಾಗಿದೆ. ಆ ಮಾತು ನಿಜವಲ್ಲ.

ನಾನು ಹಾಡುವುದು ಮೆಲುದನಿಯಲ್ಲಿ. ಬಳಸುವ ಮೈಕ್ ಶ್ಯೂರ್ ಎಸ್‌ಎಂ7ಬಿ. ತೀರಾ ಸಣ್ಣ ಸಿಗ್ನಲ್ ಕೊಡುವ ಡೈನಾಮಿಕ್ ಮೈಕ್ ಇದು: 94 ಡಿಬಿಯಷ್ಟು ಜೋರಾದ ಸದ್ದಿಗೂ ಇದರಿಂದ ಹೊರಬರುವುದು 1.12 ಮಿಲಿವೋಲ್ಟ್ ಮಾತ್ರ. ದನಿ ಅದಕ್ಕಿಂತ 20 ಡಿಬಿ ತಗ್ಗಿದರೆ ಸಿಗ್ನಲ್ ಅದರ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಈ ಮೈಕಿಗೆ ಕನಿಷ್ಠ 60 ಡಿಬಿ ಗೇನ್ ಇರಲಿ ಎಂದು ಅದನ್ನು ತಯಾರಿಸುವವರೇ ಹೇಳುತ್ತಾರೆ. ಹಾಗಾಗಿಯೇ ನಾನು ಬೇರೆ ಪ್ರೀಆಂಪ್‌ಗಳನ್ನು ಬಿಟ್ಟು ನಿಮ್ಮದನ್ನು ಆರಿಸಿದೆ.

ನಾಬನ್ನು ಕೊನೆಯವರೆಗೆ ತಿರುಗಿಸಿದರೂ ದನಿ ಸಾಕಾಗಲಿಲ್ಲ. ನಿಮ್ಮ ಮಿಕ್ಸರ್ ತಂತ್ರಾಂಶದಲ್ಲಿ ಮಟ್ಟ ಏರಿಸಿದರೆ ದನಿಯ ಜೊತೆಗೆ ಹಿಸ್ ಕೂಡ ಅಷ್ಟೇ ಏರಿತು. ಪಲ್ಲವಿ ಮುಗಿದು ಚರಣ ಎತ್ತುವ ಮುಂಚಿನ ಮೌನದಲ್ಲಿ ಸುಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ನಾಯ್ಸ್ ರಿಡಕ್ಷನ್ ಹಾಕಿ ಅದನ್ನು ತೆಗೆಯಲು ಹೋದರೆ ಸಕಾರ, ಶಕಾರಗಳ ಅಂಚು ಸವೆಯುತ್ತದೆ, ಉಸಿರು ಸತ್ತುಹೋಗುತ್ತದೆ. ಮೆಲ್ಲಗೆ ಹಾಡುವವರ ಹಾಡಿನಲ್ಲಿ ಅರ್ಧ ಭಾವ ಇರುವುದೇ ಆ ಉಸಿರಿನಲ್ಲಿ.

ನಿಮ್ಮ ಸಹಾಯವಾಣಿಯವರು ಮೊದಲು ಕೇಬಲ್ ಬದಲಿಸಿ ಎಂದರು, ಆಮೇಲೆ ಕೋಣೆಯ ದೋಷ ಎಂದರು. ಅದೇ ಮೈಕ್, ಅದೇ ಕೇಬಲ್, ಅದೇ ಕೋಣೆಯಲ್ಲಿ ಸ್ನೇಹಿತರ ಪ್ರೀಆಂಪ್ ಇಟ್ಟು ಹಾಡಿದಾಗ ಹಿಸ್ ಹೆಚ್ಚುಕಡಿಮೆ ಇಲ್ಲವಾಯಿತು. ಎರಡೂ ಧ್ವನಿಮುದ್ರಣಗಳನ್ನು ಕಳಿಸಿದ ಮೇಲಷ್ಟೇ ನಿಮ್ಮ ತಾಂತ್ರಿಕ ವಿಭಾಗದಿಂದ ನಿಜ ಹೊರಬಂತು: ಮೈಕ್ ಹಂತದಲ್ಲಿ ಸಿಗುವುದು 42 ಡಿಬಿ, ಉಳಿದ 18 ಡಿಬಿ ತಂತ್ರಾಂಶದ್ದು.

ಹಾಗೆ ಕೂಡಿಸಿ ಹೇಳುವುದು ಸರಿಯಲ್ಲ. ಸಿಗ್ನಲ್ ಡಿಜಿಟಲ್ ಆಗುವ ಮೊದಲೇ ಅದನ್ನು ಎತ್ತಿ ಕೊಡುವುದು ಪ್ರೀಆಂಪ್‌ನ ಕೆಲಸ. ಡಿಜಿಟಲ್ ಆದ ಮೇಲೆ ಎಷ್ಟು ಏರಿಸಿದರೂ ದನಿಗೂ ಹಿಸ್‌ಗೂ ನಡುವಿನ ಅಂತರ ಒಂದಿಷ್ಟೂ ಹಿಗ್ಗುವುದಿಲ್ಲ. ಆ 18 ಡಿಬಿಯನ್ನು ಯಾವ ಉಚಿತ ತಂತ್ರಾಂಶದಲ್ಲಾದರೂ ಕೂಡಿಸಬಹುದು, ಅದಕ್ಕೆ ನಿಮ್ಮ ಉಪಕರಣ ಬೇಕಿಲ್ಲ.

ನಿಮ್ಮ ಪ್ರಚಾರದ ವೀಡಿಯೊದಲ್ಲಿ ಗಾಯಕಿಯ ಮುಂದಿರುವುದು ಕಂಡೆನ್ಸರ್ ಮೈಕ್. ಆ ಬಗೆಯ ಮೈಕ್‌ಗಳ ಸಿಗ್ನಲ್ ಎಷ್ಟು ದೊಡ್ಡದೆಂದರೆ, ಅದೇ 94 ಡಿಬಿ ಸದ್ದಿಗೆ ನಾಯ್ಮನ್ ಯು87 ಎಐ 28 ಮಿಲಿವೋಲ್ಟ್ ಕೊಡುತ್ತದೆ, ನನ್ನ ಮೈಕಿನ 25 ಪಟ್ಟು. ಅಂಥದ್ದಕ್ಕೆ 42 ಡಿಬಿ ಧಾರಾಳವಾಗಿ ಸಾಕು, ಕೊರತೆ ಕಿವಿಗೇ ಬೀಳುವುದಿಲ್ಲ. ಹೊರಗಿನ ಸದ್ದು ನುಸುಳುವ ಸಾಮಾನ್ಯ ಕೋಣೆಯಲ್ಲಿ ಮೈಕಿಗೆ ಬಾಯಿ ಹತ್ತಿರವಿಟ್ಟು ಹಾಡುವ ನನ್ನಂಥವರೇ ಡೈನಾಮಿಕ್ ಮೈಕ್ ಆರಿಸುತ್ತಾರೆ, ಮೋಸ ಹೋಗುವವರೂ ಅವರೇ.

ನಾಯ್ಸ್ ಬಗ್ಗೆಯೂ ಒಂದು ಮಾತು. ಇಐಎನ್ (ಪ್ರೀಆಂಪ್‌ನ ನಾಯ್ಸನ್ನು ಇನ್‌ಪುಟ್‌ಗೆ ಹೋಲಿಸಿ ಹೇಳುವ ಅಂಕಿ) -130 ಎಂದು ಬರೆದಿದ್ದೀರಿ, ಇನ್‌ಪುಟ್‌ಗೆ ಜೋಡಿಸಿದ ಯಾವ ಮೂಲ ರೋಧಕ್ಕೆ, ಎಷ್ಟು ಗೇನ್‌ನಲ್ಲಿ, ಕಿವಿಯ ಸಂವೇದನೆಗೆ ತಕ್ಕಂತೆ ಅಂಕಿಯನ್ನು ಹೊಂದಿಸುವ ಎ-ವೇಟಿಂಗ್ ಇದೆಯೋ ಇಲ್ಲವೋ ಎಂಬುದನ್ನು ಬರೆದಿಲ್ಲ. 150 ಓಮ್‌ನ ರೆಸಿಸ್ಟರ್ ತಾನೇ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಸುಮಾರು -131 ಡಿಬಿಯು (dBu, ವೋಲ್ಟೇಜ್ ಮಟ್ಟದ ಅಳತೆ) ನಾಯ್ಸ್ ಹುಟ್ಟಿಸುತ್ತದೆ. ಅದಕ್ಕೆ ಇಷ್ಟು ಹತ್ತಿರದ ಅಂಕಿ ಹೇಳುವವರು ಅಳೆದ ಬಗೆಯನ್ನೂ ಹೇಳಬೇಕು. ಇನ್‌ಪುಟ್ ಶಾರ್ಟ್ ಮಾಡಿ, ಅಂದರೆ ಮೈಕ್ ಇಲ್ಲದೆ ಅದರ ತುದಿಗಳನ್ನು ನೇರ ಜೋಡಿಸಿ ಅಳೆದರೆ ಅಂಕಿ ಚಂದ ಕಾಣುತ್ತದೆ, ಆದರೆ ಯಾರೂ ಹಾಗೆ ಹಾಡುವುದಿಲ್ಲ.

ಮೈಕಿಗೂ ಪ್ರೀಆಂಪ್‌ಗೂ ನಡುವೆ ಜೋಡಿಸಿ ಸಿಗ್ನಲ್ ಏರಿಸುವ ಇನ್‌ಲೈನ್ ಬೂಸ್ಟರ್ ಕೊಳ್ಳಿ ಎಂಬ ನಿಮ್ಮ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೈಕ್ ಕೇಬಲ್ ಮೂಲಕವೇ ಹೋಗುವ ನಿಮ್ಮ ಉಪಕರಣದ ವಿದ್ಯುತ್ತಿನಿಂದ (ಫ್ಯಾಂಟಮ್ ಪವರ್) ಅದು ನಡೆಯುತ್ತದೆ, 25 ಡಿಬಿಯಷ್ಟು ಸಿಗುತ್ತದೆ, ನಿಜ. ಆದರೆ ಕೊಡುತ್ತೇವೆಂದು ಹೇಳಿ ಹಣ ಪಡೆದದ್ದನ್ನು ನಾನು ಮತ್ತೆ ಹಣ ಕೊಟ್ಟು ಯಾಕೆ ತರಬೇಕು?

ಆದ್ದರಿಂದ ಪೂರ್ತಿ ಹಣವನ್ನೂ ಹಿಂದಕ್ಕೆ ಕಳಿಸುವ ಸಾಗಣೆ ವೆಚ್ಚವನ್ನೂ ನೀವೇ ಕೊಡಬೇಕು. ಪೆಟ್ಟಿಗೆಯ ಮೇಲೂ ಮಾಹಿತಿ ಪುಟದಲ್ಲೂ ಮೈಕ್ ಹಂತದ ಗೇನನ್ನು ಬೇರೆಯಾಗಿ, ಅಳೆದ ವಿಧಾನದ ಸಮೇತ ನಮೂದಿಸಬೇಕು. ಹಣ ಬಂದರೂ ಈ ಎರಡನೆಯದನ್ನು ನಾನು ಬಿಟ್ಟುಕೊಡುವುದಿಲ್ಲ, ಇದೇ ಸಂಖ್ಯೆ ನೋಡಿ ನಾಳೆ ಇನ್ನೊಬ್ಬ ಗಾಯಕರು ಕೊಳ್ಳುತ್ತಾರೆ.

ಬಿಲ್ಲಿನ ಪ್ರತಿ, ಎರಡು ಧ್ವನಿಮುದ್ರಣಗಳು ಮತ್ತು ನಿಮ್ಮ ತಾಂತ್ರಿಕ ವಿಭಾಗದ ಉತ್ತರವನ್ನು ಲಗತ್ತಿಸಿದ್ದೇನೆ. ಉಪಕರಣವನ್ನು ಮೂಲ ಪೆಟ್ಟಿಗೆಯಲ್ಲೇ ಕಟ್ಟಿಟ್ಟಿದ್ದೇನೆ. ಯಾವಾಗ ಒಯ್ಯುತ್ತೀರೆಂದು ಲಿಖಿತವಾಗಿ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕಿ