ಏಪ್ರಿಲ್‌ವರೆಗೆ ಕಾಯಬೇಡ, ಮಗಳೇ

ಚಿ. ಸೌ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಪುಟ್ಟನ ಕಾಲಿನ ಆಪರೇಷನ್ ಏಪ್ರಿಲ್‌ಗೆ ಮುಂದೂಡಬೇಡ ಅಂತ ನಾನು ಕೂಗಾಡಿ, ಭಾನುವಾರ ನೀನು ಫೋನ್ ಇಟ್ಟ ಮೇಲೆ ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. "ಅಪ್ಪಾ, ನೀನೇನು ಡಾಕ್ಟರಾ?" ಅಂದೆ. ಅಲ್ಲ ಮಾರಾಯ್ತಿ. ಸಹಕಾರಿ ಸಂಘದಲ್ಲಿ 32 ವರ್ಷ ಲೆಕ್ಕ ಬರೆದವನು. ತಿಂಗಳ ಲೆಕ್ಕ ಮಾತ್ರ ನನಗೆ ಗೊತ್ತು.

ನಿನ್ನ ಮಗ ಪುಟ್ಟನಿಗೆ ಪರ್ತಿಸ್, ಸೊಂಟದ ಕೀಲಲ್ಲಿ ತೊಡೆಮೂಳೆಯ ತಲೆಗೆ ರಕ್ತ ನಿಲ್ಲುವ ಆ ಕಾಯಿಲೆ, ಅಂತ ನೀನು ಹೇಳಿದ ದಿನದಿಂದ ನನ್ನ ಕಣ್ಣ ಮುಂದೆ ಇರುವುದು ಗದ್ದೆಯ ಅಂಚು ಒಂದೇ. 1992ರ ಮಳೆಗಾಲ. ನಿನ್ನ ಅಣ್ಣ ನಾಗು ಮುಂದೆ, ನಾನು ಹಿಂದೆ. ನಾಗು ಎಡಗಾಲು ಎಳೆಯುತ್ತಿದ್ದ. ಮೊಣಕಾಲು ನೋವು ಅನ್ನುತ್ತಿದ್ದ; ಒತ್ತಿ ನೋಡಿದರೆ ಅಲ್ಲಿ ಏನೂ ಇಲ್ಲ. ಸೊಂಟದ ಕೀಲು ಕೆಟ್ಟರೆ ನೋವು ಮೊಣಕಾಲಲ್ಲಿ ಕಾಣಿಸುತ್ತದೆ ಅಂತ ನನಗೆ ಯಾರು ಹೇಳಬೇಕಿತ್ತು? ಶಾಲೆ ತಪ್ಪಿಸುವ ಆಟ ಅಂದುಕೊಂಡೆ. "ನೆಟ್ಟಗೆ ನಡಿ" ಅಂದೆ. ದಿನಾ ಅಂದೆ. ಒಂದು ದಿನ ಕೊಡೆಯ ತುದಿಯಿಂದ ಕಾಲಿಗೆ ಚುಚ್ಚಿದೆ. ಅವನು ತಿರುಗಿ ನೋಡಲಿಲ್ಲ. ಆರೇಳು ಹೆಜ್ಜೆ ನೆಟ್ಟಗೇ ನಡೆದ. ನೋಡು, ಬೇಕಾದರೆ ಆಗುತ್ತದೆ ಅಂತ ನನಗೆ ಖುಷಿಯೇ ಆಯಿತು.

ಎಂಟು ವರ್ಷದ ಹುಡುಗ, ಸುಮಾ. ಸತ್ತ ಮೂಳೆಯ ಮೇಲೆ ಆರೇಳು ಹೆಜ್ಜೆ.

ಆಮೇಲೆ ನಾಟಿ ವೈದ್ಯರ ಎಣ್ಣೆ, ಆಶ್ಲೇಷಾ ಬಲಿ, ಇನ್ನೊಬ್ಬರ ಎಣ್ಣೆ. ಏಳು ತಿಂಗಳು. ಮಣಿಪಾಲಕ್ಕೆ ಹೋಗುವಾಗ ತೊಡೆಮೂಳೆಯ ತಲೆ ಚಪ್ಪಟೆಯಾಗಿ, ಅದು ಕೂರುವ ಸೊಂಟದ ಬಟ್ಟಲಿನಿಂದ ಹೊರಗೆ ಸರಿದಿತ್ತು. ಮುಂದಿನದು ನಿನಗೆ ಗೊತ್ತು.

ಪಕ್ಕದ ಮನೆಯ ಹುಡುಗಿ ಫಿಸಿಯೋಥೆರಪಿ ಓದುತ್ತಾಳೆ. ಅವಳ ಕೈಯಲ್ಲಿ ಒಂದು ಲೇಖನ ಪ್ರಿಂಟ್ ತೆಗೆಸಿ, ಜಗಲಿಯಲ್ಲಿ ಕೂರಿಸಿ ಅರ್ಥ ಹೇಳಿಸಿಕೊಂಡೆ. ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು. 610 ಮಕ್ಕಳು, 2500ಕ್ಕೂ ಹೆಚ್ಚು ಜೊತೆ ಎಕ್ಸ್‌ರೇ. ಆ 610ರಲ್ಲಿ ನಮ್ಮ ನಾಗುವೂ ಇದ್ದಾನೋ ಏನೋ. ರಕ್ತ ನಿಂತು ಮೂಳೆ ಸಾಯುವುದು, ಚೂರಾಗುವುದು, ಮತ್ತೆ ಹುಟ್ಟಿ ಗಟ್ಟಿಯಾಗುವುದು, ಇದನ್ನೆಲ್ಲ ಅವರು ಏಳು ಹಂತ ಮಾಡಿದ್ದಾರೆ. ಮೂಳೆ ತಾನಾಗಿ ಮತ್ತೆ ಬೆಳೆಯುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ ಅಷ್ಟೆ. ಆದರೆ ನಡುವೆ ಅದು ಹಸಿ ಮಣ್ಣಿನ ಹಾಗೆ. ಬಟ್ಟಲಿನೊಳಗೆ ಕೂತಿದ್ದರೆ ಗುಂಡಗಾಗುತ್ತದೆ, ಹೊರಗೆ ಜಾರಿದರೆ ಅಂಚಿಗೆ ಒತ್ತಿ ವಿಕಾರವಾಗುತ್ತದೆ. ತೊಡೆಮೂಳೆ ಕತ್ತರಿಸಿ ವಾಲಿಸಿ ಅದನ್ನು ಒಳಗೆ ಕೂರಿಸುವುದಿದ್ದರೆ, ಚೂರಾಗುವ ಹಂತದ ಕೊನೆ ಮುಟ್ಟುವ ಮೊದಲೇ ಆಗಬೇಕು ಅಂತ ಬರೆದಿದ್ದಾರೆ. ಆ ಸಾಲಿಗೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ.

ನಿನ್ನ ಡಾಕ್ಟರು ಪುಟ್ಟನದು ಮೊದಲ ಹಂತ, ಆಪರೇಷನ್ ಬೇಕು ಅಂದಿದ್ದಾರೆ. ನೀನು ವಾರ್ಷಿಕ ಪರೀಕ್ಷೆ ಮುಗಿಯಲಿ ಅನ್ನುತ್ತೀ. ಈಗ ನವೆಂಬರ್. ನಾಲ್ಕನೇ ಕ್ಲಾಸಿನ ಪರೀಕ್ಷೆ ಮಾರಾಯ್ತಿ! ಹೋದರೆ ಒಂದು ವರ್ಷ ಹೋಗಲಿ. ಆಪರೇಷನ್ ಆಗುವವರೆಗೆ ಓಡಲು, ಹಾರಲು ಬಿಡಬೇಡ. ಎಣ್ಣೆ ಹಚ್ಚಿ ತಿಕ್ಕುವವರನ್ನು ಹತ್ತಿರ ಸೇರಿಸಬೇಡ. ಮೆಟ್ಟಿಲು ಎತ್ತಿಕೊಂಡೇ ಹತ್ತಿಸು... ಶುರುವಾಯಿತು ನನ್ನ ಉಪದೇಶ. ಅಮ್ಮ ಹಿಂದೆ ನಿಂತು ಓದುತ್ತಿದ್ದಾಳೆ.

ಇದೇ ಕರಾವಳಿಯಲ್ಲಿ ಈ ಕಾಯಿಲೆ ಹೆಚ್ಚು ಅಂತ ಮಣಿಪಾಲದ ಆ ಡಾ. ಜೋಸೆಫ್ ಮತ್ತು ಸಂಗಡಿಗರು 1988ರಲ್ಲೇ ಬರೆದಿದ್ದರಂತೆ. ನಾಗುವಿಗೆ ಬರುವ ನಾಲ್ಕು ವರ್ಷ ಮೊದಲು, ನಮ್ಮ ಮನೆಯಿಂದ ಒಂದು ಗಂಟೆಯ ಬಸ್ಸಿನ ದಾರಿಯಲ್ಲಿ.

ಮೊಣಕಾಲು ನೋವು ಅಂದ ಹುಡುಗನಿಗೆ ಸೊಂಟದ ಎಕ್ಸ್‌ರೇ ತೆಗೆಯಿರಿ ಅಂತ ನೀನೇ ಹಟ ಹಿಡಿದೆಯಂತೆ, ಹದಿನೈದು ದಿನದೊಳಗೆ. ಅಳಿಯಂದಿರು ಹೇಳಿದರು. ಫೋನಿನಲ್ಲಿ ನಾನು ಮೊದಲು ಹೇಳಬೇಕಾಗಿದ್ದು ಅದನ್ನು. ಕೂಗಾಡಿದೆ. ತಪ್ಪಾಯಿತು.

ನಿನ್ನೆ ನಾಗುವಿನ ಹತ್ತಿರ ಕೊಡೆಯ ವಿಷಯ ತೆಗೆದೆ. ನೆನಪೇ ಇಲ್ಲ ಅಂದ. ಸುಳ್ಳು ಹೇಳುವಾಗ ಅವನು ಮೂಗು ಕೆರೆದುಕೊಳ್ಳುವುದು ನಿನಗೆ ಗೊತ್ತಲ್ಲ.

ದಿನ ಗೊತ್ತಾದ ಕೂಡಲೇ ತಿಳಿಸು. ರಾತ್ರಿ ಬಸ್ಸಿಗೆ ಹೊರಡುತ್ತೇವೆ. ಕುಚ್ಚಲಕ್ಕಿ ನಾವೇ ತರುತ್ತೇವೆ, ಅಲ್ಲಿ ಕೊಳ್ಳಬೇಡ.

ನಿನ್ನ ಅಪ್ಪ